ಲಿಂಗ್ವಿಸ್ಟಿಕ್ಸ್ ಓದಿದ ಸೊಸೆಯ ನಾಲಿಗೆ

ಮೊನ್ನೆ ಸೇಫ್ಟಿ ಪಿನ್ ಹುಡುಕಲು ಹೋಗಿ ಕನ್ನಡಿ ಸಿಕ್ಕಿತು. ಅಂಗೈಯಗಲದ ದುಂಡು ಕನ್ನಡಿ. ಹಿಂದುಗಡೆ ತಗಡು, ತಗಡಿನ ಮೇಲೆ ಒಂದು ಕಾಲದಲ್ಲಿ ಗುಲಾಬಿ ಹೂವಿತ್ತು. ಈಗ ಅದು ಟೊಮೇಟೊ ಎಂದರೂ ನಂಬಬಹುದು. ಬೇರೆ ಹೆಂಗಸರು ಕನ್ನಡಿ ಸಿಕ್ಕರೆ ಕೂದಲು ನೋಡಿಕೊಳ್ಳುತ್ತಾರೆ, ವಿಭೂತಿ ಸರಿಮಾಡಿಕೊಳ್ಳುತ್ತಾರೆ. ನಾನು ಮಾತ್ರ ಹಳೆಯ ಅಭ್ಯಾಸಬಲದಿಂದ ಅದನ್ನು ಮುಖದೆದುರು ಹಿಡಿದು, ಬಾಯಿ ತೆರೆದು, ನಾಲಿಗೆ ಚಾಚಿದೆ. ಅದೇ ಹೊತ್ತಿಗೆ ಚಹಾ ತಂದ ಸೊಸೆ ಬಾಗಿಲಲ್ಲೇ ನಿಂತಳು.

"ಅತ್ತೀ, ದವಾಖಾನಿಗೆ ಹೋಗೂಣೇನ್ರಿ?"

"ಬ್ಯಾಡ ಬೇ, ನಾನು ನನ್ನ ಮೇಜರ್ ಸಬ್ಜೆಕ್ಟ್ ನೋಡಾಕತ್ತೀನಿ" ಎಂದೆ. ಅವಳು ಚಹಾ ಇಟ್ಟು, ಗಂಡನಿಗೆ ಫೋನು ಮಾಡಲು ಹೋದಳೋ ಏನೋ.

ಸುಳ್ಳು ಹೇಳಿರಲಿಲ್ಲ. ಹೈದರಾಬಾದಿನ ಕಾಲೇಜಿನಲ್ಲಿ ನನ್ನ ಮೇಜರ್ ಫ್ರೆಂಚ್ ಮತ್ತು ಲಿಂಗ್ವಿಸ್ಟಿಕ್ಸ್. ಬುಕ್ಕಿಗಿಂತ ಮೊದಲು ನಮ್ಮ ಕೈಗೆ ಬಂದದ್ದು ಕನ್ನಡಿ. ಫೊನೆಟಿಕ್ಸ್ ಕ್ಲಾಸಿಗೆ ಸಿಸ್ಟರ್ ಕ್ಲೋತಿಲ್ಡ್ ಬಂದು "ಮಿರರ್ಸ್, ಗರ್ಲ್ಸ್!" ಎಂದ ಕೂಡಲೇ ಇಡೀ ಕ್ಲಾಸು ಕನ್ನಡಿ ತೆಗೆದು ನಾಲಿಗೆ ಹೊರಹಾಕುತ್ತಿತ್ತು. ಹೊರಗೆ ವರಾಂಡದಲ್ಲಿ ಹೋಗುವ ಕೆಮಿಸ್ಟ್ರಿಯ ಹುಡುಗಿಯರಿಗೆ ನಾವು ಫ್ರೀ ಸರ್ಕಸ್. ಫ್ರೆಂಚಿನಲ್ಲಿ ಒಂದು ಸ್ವರವಿದೆ: ನಾಲಿಗೆಯನ್ನು "ಈ" ಎನ್ನುವ ಜಾಗದಲ್ಲಿ ಇಟ್ಟುಕೊಂಡು ತುಟಿಯನ್ನು "ಊ" ಎನ್ನುವ ಹಾಗೆ ಮುಂದೆ ತರಬೇಕು. ನಾಲಿಗೆ ಒಂದು ಊರಿಗೆ, ತುಟಿ ಇನ್ನೊಂದು ಊರಿಗೆ. ನನ್ನ ಸ್ವರ ಒಂದು ಇಡೀ ಟರ್ಮ್ ಇವೆರಡರ ನಡುವಿನ ಬಸ್‌ಸ್ಟ್ಯಾಂಡಿನಲ್ಲೇ ನಿಂತಿತ್ತು. ಇನ್ನು ಅವರ "ರ" ಕಿರುನಾಲಿಗೆಯಿಂದ ಬರಬೇಕು. ರಜೆಗೆ ಮಸ್ಕಿಗೆ ಬಂದಾಗ ಹಿತ್ತಲಲ್ಲಿ ನಿಂತು ಅದನ್ನು ಪ್ರಾಕ್ಟೀಸ್ ಮಾಡುತ್ತಿದ್ದೆ. ಪಡಸಾಲೆಯಿಂದ ಅಪ್ಪ ಕೂಗುತ್ತಿದ್ದ, "ಗಿರಿಜಾ, ಬೆಕ್ಕು ಹಾಲಿಗೆ ಬಂದೈತೇನ್ ನೋಡು."

ಅಪ್ಪ ಹತ್ತಿ ವ್ಯಾಪಾರಿ. ಮಗಳು ಕಾನ್ವೆಂಟಿನಲ್ಲಿ ಓದಲಿ ಎಂದು ಬಳ್ಳಾರಿಯ ಬೋರ್ಡಿಂಗಿಗೆ ಹಾಕಿ, ಆಮೇಲೆ ಹೈದರಾಬಾದಿಗೆ ಕಳಿಸಿದವನು. ಬೇರೆ ಭಾಷೆಯ ಹುಚ್ಚು ನನಗೆ ಹತ್ತಿದ್ದು ಮಾತ್ರ ಕಾನ್ವೆಂಟಿನಿಂದಲ್ಲ, ಮಸ್ಕಿಯಿಂದ. ನಮ್ಮೂರ ಗುಡ್ಡದಲ್ಲಿ ಒಂದು ಬಂಡೆ ಇದೆಯಲ್ಲ, ಯಾವುದೋ ಕಾಲದ ರಾಜ ಅಕ್ಷರ ಕೆತ್ತಿಸಿಟ್ಟಿದ್ದು. ಚಿಕ್ಕವಳಿದ್ದಾಗ ಗೆಳತಿಯರ ಜೊತೆ ಅಲ್ಲಿಗೆ ಹೋಗಿ ಆ ಗೀರುಗಳ ಮೇಲೆ ಬೆರಳಾಡಿಸುತ್ತಿದ್ದೆ. ಊರಿನಲ್ಲಿ ಎಲ್ಲರಿಗೂ ಅದು ಗೊತ್ತು, ಓದಲು ಯಾರಿಗೂ ಬರುವುದಿಲ್ಲ. ದೊಡ್ಡವಳಾಗಿ ಇದನ್ನು ಓದುತ್ತೇನೆ ಎಂದು ಅಲ್ಲೇ ಶಪಥ ಮಾಡಿದೆ. ದೊಡ್ಡವಳಾಗಿ ಏನು ಮಾಡಿದೆ? ಫ್ರೆಂಚ್ ಕಲಿತೆ. ಬಂಡೆ ಇನ್ನೂ ಕಾಯುತ್ತಿದೆ.

ಡಿಗ್ರಿ ಮುಗಿಯುವುದಕ್ಕೂ ಲಿಂಗಸುಗೂರಿನಿಂದ ವರನ ಕಡೆಯವರು ಬರುವುದಕ್ಕೂ ಸರಿಹೋಯಿತು. ನಮ್ಮತ್ತೆಯಾಗಲಿದ್ದ ನೀಲಮ್ಮನವರು ಮುಂದಿನ ಸಾಲಿನಲ್ಲಿ, ಹಣೆತುಂಬ ವಿಭೂತಿ ಧರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದರು. ಬೀಗರಿಗಿಂತ ಎಕ್ಸಾಮಿನರ್ ಎನ್ನುವುದೇ ಸರಿ.

"ಏನ್ ಓದೀಯವ್ವಾ?"

"ಲಿಂಗ್ವಿಸ್ಟಿಕ್ಸ್" ಎಂದೆ. ಸ್ಪಷ್ಟವಾಗಿ, ಸಿಸ್ಟರ್ ಹೇಳಿಕೊಟ್ಟಂತೆ, ಒಂದೊಂದು ಅಕ್ಷರ ಬಿಡಿಸಿ.

ನೀಲಮ್ಮನವರ ಕೈ ತಾನೇ ತಾನಾಗಿ ಕೊರಳಿನ ಇಷ್ಟಲಿಂಗದ ಮೇಲೆ ಹೋಯಿತು.

"ಲಿಂಗದ ಮ್ಯಾಲ ಕಾಲೇಜಿನಾಗ ಕಲಸ್ತಾರೇನು?"

"ಅಲ್ರಿ, ಅದು ಆ ಲಿಂಗ ಅಲ್ಲ. ಭಾಷಾದ ಶಾಸ್ತ್ರರಿ ಅದು."

"ನೋಡ್ರಿ," ಎಂದು ಅವರು ನಮ್ಮವ್ವನ ಕಡೆ ತಿರುಗಿದರು. "ಲಿಂಗದ ಮ್ಯಾಲ ಡಿಗ್ರಿ ಮಾಡ್ಯಾಳ, ಆದ್ರೂ ನಾ ಮಾಡೀನಿ ಅಂತ ಹೇಳಂಗಿಲ್ಲ. ಎಷ್ಟು ನಿಗರ್ವಿ ಹುಡುಗಿ!"

ಹುಡುಗ ಮೂಲೆಯಲ್ಲಿ ಮುಗುಳ್ನಗುತ್ತಿದ್ದ. ಅವನಿಗೆ ಅರ್ಥವಾಗಿತ್ತು ಎಂಬುದು ನನಗೆ ತಿಳಿಯಿತು. ಒಪ್ಪಿಕೊಂಡದ್ದು ಆ ನಗುವಿಗೆ. ಎಂ.ಎ. ಮಾಡುವ ಆಸೆಯಿತ್ತು. ಅದನ್ನು ಮಸ್ಕಿಯಲ್ಲೇ ಬಿಟ್ಟು, ಕನ್ನಡಿಯನ್ನು ಮಾತ್ರ ಟ್ರಂಕಿನಲ್ಲಿ ಇಟ್ಟುಕೊಂಡು ಲಿಂಗಸುಗೂರಿಗೆ ಹೊರಟೆ.

ಗಂಡನ ಮನೆಯಲ್ಲಿ ಮುಂಜಾನೆ ಸ್ನಾನವಾದ ಮೇಲೆ ಅತ್ತೆ ಪಡಸಾಲೆಯಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ಎಡಗೈಯ ಅಂಗೈಯಲ್ಲಿ ಲಿಂಗ, ಅದರ ಮೇಲೆ ನೆಟ್ಟ ನೋಟ. ಮನೆಯಲ್ಲಿ ಯಾರೂ ಕೆಲಸ ಹೇಳದ ಹೊತ್ತು ಅದೊಂದೇ. ಆದ್ದರಿಂದ ನಾನೂ ಎದುರಿನ ಕಂಬಕ್ಕೆ ಒರಗಿ, ಎಡಗೈಯ ಅಂಗೈಯಲ್ಲಿ ಕನ್ನಡಿ ಇಟ್ಟುಕೊಂಡು, ಸದ್ದಿಲ್ಲದೆ ನಾಲಿಗೆ ಚಾಚಿ ಫ್ರೆಂಚ್ ಸ್ವರಗಳ ಪಾಠ ಮಾಡುತ್ತಿದ್ದೆ. ಮರೆತುಹೋಗುತ್ತದೆ ಎಂಬ ಭಯ. ಯಾರ ಜೊತೆ ಮಾತಾಡಲಿಕ್ಕೆ ಎಂದು ಕೇಳಬೇಡಿ. ಆ ವಯಸ್ಸಿನಲ್ಲಿ ಪ್ಯಾರಿಸ್ಸಿನಿಂದ ಯಾರಾದರೂ ದಾರಿ ತಪ್ಪಿ ಲಿಂಗಸುಗೂರಿಗೆ ಬಂದಾರು, ಬಸ್‌ಸ್ಟ್ಯಾಂಡಿಗೆ ದಾರಿ ಕೇಳಿಯಾರು ಎಂಬ ಭರವಸೆ ನನಗಿತ್ತು. ಅತ್ತೆ ಮಾತ್ರ ಧ್ಯಾನದ ನಡುವೆ ಒಂದು ಕಣ್ಣು ನನ್ನ ಕಡೆ ಬಿಡುವುದನ್ನು ನೋಡಿದ್ದೆ. ಮೆಚ್ಚಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಆ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ವಾರಕ್ಕೊಮ್ಮೆ ಅತ್ತೆ ನನಗೊಂದು ಬಟ್ಟಲು ಔಡಲೆಣ್ಣೆ, ಅದೇ ಹರಳೆಣ್ಣೆ, ತಂದುಕೊಡುವರು. "ಕುಡಿಯವ್ವಾ, ಮೂಗು ಮುಚ್ಚಿಕೊಂಡು ಕುಡಿ." ನಾನು ಕುಡಿಯುತ್ತಿದ್ದೆ. ಆಮೇಲಿನದು ಹೇಳಬೇಕಾಗಿಲ್ಲ, ಅರ್ಧ ದಿನ ಹಿತ್ತಲೇ ಗತಿ. ನನ್ನ ಓರಗಿತ್ತಿಗೆ ಕೊಡುತ್ತಿರಲಿಲ್ಲ. ಅವಳು ಏಳನೆಯ ಕ್ಲಾಸು; ಇದು ಡಿಗ್ರಿ ಆದ ಸೊಸೆಯಂದಿರಿಗಷ್ಟೇ ಇರುವ ಮರ್ಯಾದೆ ಇರಬೇಕೆಂದು ನಾನು ಲೆಕ್ಕ ಹಾಕಿದೆ. ಹೊಸ ಸಮಾಜದಲ್ಲಿ ಬದುಕುವಾಗ ಅಲ್ಲಿನ ಆಚಾರವನ್ನು ಪ್ರಶ್ನಿಸದೆ ಗಮನಿಸಬೇಕು ಎಂದು ನಮ್ಮ ಟೆಕ್ಸ್ಟ್ ಬುಕ್ಕಿನಲ್ಲಿತ್ತು. ನಾನು ಗಮನಿಸುತ್ತ, ಕುಡಿಯುತ್ತ ಇದ್ದೆ.

ಇಷ್ಟರಲ್ಲಿ ಊರಿಗೆಲ್ಲ ಸುದ್ದಿ ಹರಡಿತ್ತು. ಶ್ರಾವಣ ಬಂದಾಗ ಓಣಿಯ ಅಕ್ಕನ ಬಳಗದ ಹೆಂಗಸರು ಮನೆಗೇ ಬಂದರು. ಲಿಂಗದ ಮೇಲೆ ಓದಿದ ಸೊಸೆ ಸೋಮವಾರ ಒಂದು ಪ್ರವಚನ ಹೇಳಬೇಕಂತೆ. ನನಗೆ ಬರುವುದಿಲ್ಲ ಎಂದೆ. ನಿಗರ್ವಿ ಎಂಬ ಬಿರುದು ಇನ್ನಷ್ಟು ಗಟ್ಟಿಯಾಯಿತು. ಕೊನೆಗೆ ಗಂಡನ ಹತ್ತಿರ ಹೋಗಿ ಕಣ್ಣೀರು ಹಾಕಿದೆ.

"ನಿನ್ನ ಸಬ್ಜೆಕ್ಟ್ ಏನಂತ ಖರೇ ಖರೇ ಹೇಳಿಬಿಡು, ಎಲ್ಲಾರಿಗೂ ಒಮ್ಮೆಗೇ ತಿಳೀತೈತಿ" ಎಂದರು ನಮ್ಮವರು. ಮುಖದಲ್ಲಿ ಅದೇ ಮುಗುಳ್ನಗೆ.

ಸರಿ ಎಂದು ಸೋಮವಾರ ಎದ್ದು ನಿಂತೆ. ಎದುರಿಗೆ ಬಿಳಿ ವಿಭೂತಿಯ ಹಣೆಗಳ ಸಾಲುಸಾಲು. ವ್ಯಾಕರಣದಿಂದ ಶುರುಮಾಡಿದರೆ ಸಂಶಯವೇ ಉಳಿಯುವುದಿಲ್ಲ ಎಂದು ನನ್ನ ಎಣಿಕೆ. "ನಾವು ಕಾಲೇಜಿನಲ್ಲಿ ಓದಿದ್ದು ಲಿಂಗ ಮತ್ತು ವಚನ" ಎಂದೆ. ವ್ಯಾಕರಣದ ಲಿಂಗ, ಏಕವಚನ ಬಹುವಚನದ ವಚನ. ಮುಂದಿನ ಸಾಲಿನಲ್ಲಿ ನಾಲ್ಕೈದು ಜನ ಕೈಮುಗಿದರು. ನಾನು ಗಾಬರಿಯಿಂದ ಮುಂದುವರಿಸಿದೆ, "ಫ್ರಾನ್ಸ್ ದೇಶದವರು ಮನುಷ್ಯರಿಗಷ್ಟೇ ಅಲ್ಲ, ಎಲ್ಲ ವಸ್ತುವಿಗೂ ಲಿಂಗ ಹೇಳುತ್ತಾರೆ. ಕುರ್ಚಿಗೂ ಲಿಂಗವಿದೆ. ಗೋಡೆಗೂ ಲಿಂಗವಿದೆ. ಬೀಸುವ ಗಾಳಿಗೂ ಲಿಂಗವಿದೆ."

"ಶಿವ ಶಿವಾ!" ಎಂದಳು ಒಬ್ಬ ಮುದುಕಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಅಷ್ಟು ದೂರದ ದೇಶದಾಗ ಕುರ್ಚ್ಯಾಗೂ ಲಿಂಗ ಕಾಣ್ತಾರ. ನಾವಿಲ್ಲಿ ಕೊರಳಾಗ ಕಟಿಗೊಂಡು ಜಗಳಾಡಾಕತ್ತೀವಿ."

ಕುರ್ಚಿ ಸ್ತ್ರೀಲಿಂಗ, ಗೋಡೆ ಪುಲ್ಲಿಂಗ ಎನ್ನುವವರೆಗೆ ನನ್ನನ್ನು ಯಾರೂ ಬಿಡಲಿಲ್ಲ. ಆರತಿ ಶುರುವಾಗಿಬಿಟ್ಟಿತು. ಆ ದಿನದ ಮಟ್ಟಿಗೆ ಲಿಂಗಸುಗೂರಿನಲ್ಲಿ ಫ್ರೆಂಚ್ ಗ್ರಾಮರ್ ಕೇಳಿ ಅತ್ತವರು ಅಷ್ಟು ಜನ. ಹೈದರಾಬಾದಿನಲ್ಲಿ ಅತ್ತವಳು ನಾನೊಬ್ಬಳೇ.

ಕಾಲುವೆ ನೀರಿನ ಭತ್ತ ನಂಬಿಕೊಂಡು ನಮ್ಮವರು ಸಿಂಧನೂರಿನಲ್ಲಿ ರೈಸ್ ಮಿಲ್ಲು ಹಾಕಿದಾಗ, ಇಲ್ಲಿಯಾದರೂ ಪಾರಾದೆ ಎಂದುಕೊಂಡೆ. ಇಲ್ಲಿ ಲಿಂಗ ಹೋಯಿತು, ಫಾರಿನ್ ಬಂತು. "ಮಿಲ್ಲಿನ ಅಮ್ಮಾರು ಫಾರಿನ್ ಭಾಷಾ ಓದ್ಯಾರಂತ." ತುರ್ವಿಹಾಳದ ಅಮರೇಗೌಡ ಎಂಬ ರೈತ ಒಮ್ಮೆ ಔಷಧ ಹೊಡೆಯುವ ಪಂಪು ತಂದು ನನ್ನ ಮುಂದಿಟ್ಟ. ಡಬ್ಬಿಯ ಮೇಲೆ ಅಡ್ಡಾದಿಡ್ಡಿ ಚೀನಾ ಅಕ್ಷರ.

"ಯಾವ ಬಟನ್ ಒತ್ತಬೇಕಂತ ಓದಿ ಹೇಳ್ರಿ ಅಮ್ಮಾರ."

"ಇದು ಚೈನೀಸ್ ಗೌಡ್ರ. ನಾನು ಓದಿದ್ದು ಫ್ರೆಂಚ್."

"ಎಲ್ಡೂ ಫಾರಿನ್ ಅಲ್ಲೇನ್ರಿ?"

ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಅನುಕಂಪ. ಪಾಪ, ಕಾಲೇಜಿನವರು ಇವರಿಗೆ ಮೋಸ ಮಾಡ್ಯಾರ ಎನ್ನುವಂತೆ. ಪಂಪನ್ನು ಹೆಗಲಿಗೆ ಏರಿಸಿಕೊಂಡು, ಸಿಕ್ಕ ಬಟನ್ ಒತ್ತಿ, ನನ್ನ ಮಲ್ಲಿಗೆ ಬಳ್ಳಿಗೆ ಔಷಧ ಹೊಡೆದು ಹೋದ.

ಹೀಗೆ ನನ್ನ ಫ್ರೆಂಚ್ ಮಾತಿಗೆ ಉಳಿದದ್ದು ಮಿಲ್ಲಿನ ಹಿಂದಿನ ಎಮ್ಮೆ ಒಂದೇ. ದಿನಾ ಮುಂಜಾನೆ ಅದಕ್ಕೆ "ಬೋಂಜೂರ್" ಎನ್ನುತ್ತಿದ್ದೆ. ಮೇವು ನಮ್ಮದೇ ಆದರೂ ಅದು ಒಮ್ಮೆಯೂ ಉತ್ತರ ಕೊಡಲಿಲ್ಲ. ಆ ಎಮ್ಮೆಯೂ ಈಗಿಲ್ಲ, ನಗುತ್ತಿದ್ದ ನಮ್ಮವರೂ ಇಲ್ಲ. ಮಿಲ್ಲು ಮಗ ಮಹಾಂತೇಶನ ಕೈಯಲ್ಲಿದೆ.

ಕನ್ನಡಿ ಸಿಕ್ಕ ದಿನವೇ ಸಂಜೆ ಮೊಮ್ಮಗಳು ಶ್ರಾವಣಿ ಬಾಂಬು ಹಾಕಿದಳು. ಪಿ.ಯು. ಮುಗಿಸಿದವಳು, ಯಾರಿಗೂ ಹೇಳದೆ ಹೈದರಾಬಾದಿನ ಕಾಲೇಜಿಗೆ ಅರ್ಜಿ ಹಾಕಿದ್ದಳು. ಸೀಟು ಸಿಕ್ಕಿತ್ತು. ಸೋಮವಾರದೊಳಗೆ ಒಪ್ಪಿಗೆ ಕಳಿಸಬೇಕು. ಸಬ್ಜೆಕ್ಟ್? ಫಾರಿನ್ ಲ್ಯಾಂಗ್ವೇಜಸ್ ಅಂಡ್ ಲಿಂಗ್ವಿಸ್ಟಿಕ್ಸ್.

ಮಹಾಂತೇಶ ನನ್ನ ಕಡೆ ನೋಡಿದ, ಮನೆಯಲ್ಲಿ ಬಹಳ ಹಿಂದೆ ಬಂದುಹೋದ ರೋಗ ಮತ್ತೆ ಮರಳಿದೆ ಎನ್ನುವ ಹಾಗೆ.

"ಬಿ.ಕಾಂ. ಮಾಡು, ಮಿಲ್ಲು ನೋಡ್ಕೊ ಅಂತ ನಾ ಹೇಳಾಕತ್ತೀನಿ. ಅವ್ವಾ, ನೀನಾ ಹೇಳು ಅಕಿಗೆ. ಸಿಟ್ಟಾಗಬ್ಯಾಡ. ನೀ ಅದನ್ನ ಓದಿ ಏನಾತು?"

ಎಮ್ಮೆಯ ವಿಷಯ ಹೇಳುವಂತಿರಲಿಲ್ಲ. ಐವತ್ತು ವರ್ಷಗಳಲ್ಲಿ ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡ ಪ್ರಶ್ನೆ. ಆದರೆ ನನ್ನ ಮಗ ಕೇಳಿದಾಗ, ಮೊಮ್ಮಗಳು ಎದುರಿಗೇ ನಿಂತು ಕೇಳಿಸಿಕೊಳ್ಳುತ್ತಿದ್ದಾಗ, ಅದರ ಉಚ್ಚಾರಣೆ ಬೇರೆಯಾಗಿತ್ತು. ನಾನು ಏನೂ ಆಗಲಿಲ್ಲ ಎಂಬ ಕಾರಣಕ್ಕೆ ಈ ಹುಡುಗಿಯ ಸೀಟು ಹೋಗುವುದಿತ್ತು.

ಶ್ರಾವಣಿಯೇ ಹೇಳಿದಳು. "ಅಪ್ಪಾಜಿ, ನಮ್ಮ ಆಟೋ ಸ್ಟ್ಯಾಂಡಿಗೆ ಬಂದು ನಿಂತು ಕೇಳು. ಕನ್ನಡ, ತೆಲುಗು, ದಖನಿ ಉರ್ದು, ಹಿಂದಿ, ನಿರಾಶ್ರಿತರ ಕ್ಯಾಂಪಿನ ಮಂದಿ ಬಂಗಾಲಿ. ಒಬ್ಬ ಡ್ರೈವರ್ ಎಲ್ಲಾದ್ರಾಗೂ ಚೌಕಾಸಿ ಮಾಡ್ತಾನ. ಅದು ಹೆಂಗಂತ ನನಗ ತಿಳೀಬೇಕು. ಅಜ್ಜಿ ಇಷ್ಟೆಲ್ಲಾ ಬಿಟ್ಟು ಫ್ರೆಂಚ್ ಹುಡುಕ್ಕೊಂಡು ಹೋಗಿದ್ಲು, ಅದು ಅಕಿ ತಪ್ಪು."

ನನ್ನ ಪರ ಮಾತಾಡುತ್ತಾಳೆ ಎಂದು ನಂಬಿದ್ದು ನನ್ನ ತಪ್ಪು.

"ಲಿಂಗಸುಗೂರು ಅಮ್ಮ ಹೂಂ ಅಂದ್ರ ನಾನೂ ಹೂಂ ಅಂತೀನಿ" ಎಂದ ಮಹಾಂತೇಶ. ಅಮ್ಮ ಎಂದರೆ ನಮ್ಮತ್ತೆ, ಅವರಿಗೆ ಈಗ ತೊಂಬತ್ತು ದಾಟಿದೆ. ಹಲ್ಲು ಹೋಗಿವೆ, ಮಾತು ಹೋಗಿಲ್ಲ. ಮನೆಯ ದೊಡ್ಡ ತೀರ್ಮಾನವೆಲ್ಲ ಅವರದೇ. ನನಗೆ ಒಳಗೊಳಗೇ ಖುಷಿಯಾಯಿತು. ಲಿಂಗದ ಓದು ಬೇಡ ಎಂದು ಅವರು ಜನ್ಮದಲ್ಲಿ ಹೇಳುವವರಲ್ಲ.

ಭಾನುವಾರ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಮಸ್ಕಿ ಬಂತು. ಮಹಾಂತೇಶ ಚಹಾಕ್ಕೆ ಇಳಿದ. ಗುಡ್ಡದ ಕಡೆ ನೋಡುತ್ತ ನಾನು ಮೊಮ್ಮಗಳಿಗೆ ಪಿಸುಗುಟ್ಟಿದೆ, "ಅಲ್ಲಿ ಹೋದ ಮ್ಯಾಲ ಲಿಂಗ್ವಿಸ್ಟಿಕ್ಸ್ ಅಂತ ಅಷ್ಟಾ ಹೇಳು. ಅರ್ಥ ಬಿಡಿಸಬ್ಯಾಡ. ಅಮ್ಮ ತಾನಾ ಹೂಂ ಅಂತಾಳ."

"ಸುಳ್ಳು ಹೇಳಿ ಸೀಟು ತಗೊಳ್ಳೇನು? ಆಮ್ಯಾಲ ನನಗೂ ಪ್ರವಚನ ಹೇಳು ಅಂತ ಗಂಟು ಬೀಳ್ತಾರ. ನಾ ವಲ್ಲೆ ಅಜ್ಜಿ."

"ಸುಳ್ಳಲ್ಲಬೇ, ಸುಮ್ಮನಿರೂದು."

"ನೀ ಸುಮ್ಮನಿದ್ದು ಏನಾತು?" ಎಂದಳು. ಅಪ್ಪನ ಮಗಳು.

ಅತ್ತೆ ಅದೇ ಪಡಸಾಲೆಯಲ್ಲಿ ಮಂಚದ ಮೇಲಿದ್ದರು. ಮಹಾಂತೇಶ ವಿಷಯ ಹೇಳಿದ. ಲಿಂಗ್ವಿಸ್ಟಿಕ್ಸ್ ಎಂದ ಕೂಡಲೇ ಅವರ ಕೈ ಕೊರಳಿಗೆ ಹೋಯಿತು, ಮುಖ ಅರಳಿತು. ಗೆದ್ದೆವು ಎಂದುಕೊಂಡೆ. ಅಷ್ಟರಲ್ಲಿ ಶ್ರಾವಣಿ ಮಂಚದ ತುದಿಯಲ್ಲಿ ಕುಳಿತು, ಅವರ ಕಿವಿಯ ಹತ್ತಿರ ಬಾಯಿ ತಂದಳು. ನಾನು ಅವಳ ತೋಳು ಚಿವುಟಿದೆ. ಕೈ ಕೊಡವಿಕೊಂಡು ಹೇಳಿಯೇಬಿಟ್ಟಳು.

"ಅಮ್ಮಾ, ಇದು ಕೊರಳಾಗಿನ ಲಿಂಗ ಅಲ್ಲ. ಇದು ಲಿಂಗ್ವಾ. ಹಂಗಂದ್ರ ನಾಲಿಗಿ. ನಾಲಿಗಿ ಹೆಂಗ ಹೊಳ್ಳತೈತಿ, ಮಾತು ಹೆಂಗ ಹುಟ್ಟತಾವ, ಒಬ್ಬರ ಮಾತು ಇನ್ನೊಬ್ಬರಿಗೆ ಹೆಂಗ ತಿಳೀತಾವ, ಅದನ್ನ ಕಲಿಯೂದು."

ಅತ್ತೆಯ ಕೈ ಕೊರಳಿನಿಂದ ಇಳಿಯಿತು. "ಹಂಗಾರ ಲಿಂಗಕ್ಕೂ ಇದಕ್ಕೂ ಸಂಬಂಧ ಇಲ್ಲೇನು?"

"ಇಲ್ಲಮ್ಮಾ."

ಮಹಾಂತೇಶ ಕಾರಿನ ಕೀಲಿ ಕೈಗೆತ್ತಿಕೊಂಡ. ಹುಡುಗಿಯ ಮುಖ ಸಣ್ಣದಾಯಿತು. ಅತ್ತೆ ಅವಳನ್ನು ಬಿಟ್ಟು ನಿಧಾನವಾಗಿ ನನ್ನ ಕಡೆ ತಿರುಗಿದರು.

"ನಾಲಿಗಿ ಅಂದ್ಳಲ್ಲ... ಗಿರಿಜಾ, ಹಂಗಾರ ನೀ ದಿನಾ ಮುಂಜಾನಿ ಆ ಕಂಬಕ್ಕ ಕುಂತು ಕನ್ನಡ್ಯಾಗ ನಾಲಿಗಿ ನೋಡ್ತಿದ್ದಿ?"

"ಹೌದ್ರಿ ಅತ್ತೀ. ಪಾಠಾ ಮಾಡ್ತಿದ್ದೆ."

"ಪಾಠಾ!" ಅವರ ಬೊಚ್ಚುಬಾಯಿ ತೆರೆದೇ ಇತ್ತು. "ಯವ್ವಾ ನನ್ನ ಶಿವನ! ಸೊಸಿಗೆ ಹೊಟ್ಟಿ ಕೆಟ್ಟೈತಿ, ನಾಲಿಗಿ ನೋಡಿಕೊಂಡು ಒಬ್ಬಾಕೀನಾ ಕೊರಗತಾಳ ಅಂತ ವಾರಾ ವಾರಾ ಔಡಲೆಣ್ಣಿ ಕುಡಿಸಿದ್ನಲ್ಲಬೇ!"

ಮರ್ಯಾದೆ ಎಂದು ಕುಡಿದ ಎಣ್ಣೆಯೆಲ್ಲ ಕಣ್ಣ ಮುಂದೆ ಬಂತು.

"ನೀ ಯಾಕ ಕುಡಿದಿ? ಬಾಯಿ ಇರಲಿಲ್ಲೇನು?"

"ನಿಮ್ಮ ಮನಿ ಪದ್ಧತಿ ಅಂದ್ಕೊಂಡಿದ್ದೆರಿ."

"ಎಲ್ಲ್ಯರ ಐತೇನಬೇ ಅಂಥಾ ಪದ್ಧತಿ!"

ಅತ್ತೆ ನಕ್ಕ ರಭಸಕ್ಕೆ ಮಂಚ ಕಿರುಗುಟ್ಟಿತು. ನಾನೂ ನಕ್ಕೆ. ಅಡಿಗೆಮನೆಯಿಂದ ಓರಗಿತ್ತಿ ಓಡಿಬಂದು, ಸುದ್ದಿ ಕೇಳಿ, ನನಗಿಂತ ಹೆಚ್ಚು ನಕ್ಕಳು. ಏಳನೆಯ ಕ್ಲಾಸು ಅವಳನ್ನು ಎಂಥ ಗಂಡಾಂತರದಿಂದ ಕಾಪಾಡಿತ್ತು ಎಂಬುದು ಅವಳಿಗೆ ಅಂದೇ ತಿಳಿದದ್ದು. ನಗು ಇಳಿದ ಮೇಲೆ ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಮೊಮ್ಮಗನನ್ನು ಕರೆದರು.

"ಮಾಂತೇಶಾ, ಕೀಲಿಕೈ ಕೆಳಗಿಡು. ಇಬ್ಬರೂ ಕನ್ನಡ ಮಾತಾಡಾವ್ರು, ಒಂದಾ ಪಡಸಾಲ್ಯಾಗ ಎದುರಾಎದುರು ಕುಂತಾವ್ರು, ನಮ್ಮ ಬಾಳೇವು ಹಿಂಗ ಆಗೇತಿ ನೋಡು. ನಿಮ್ಮವ್ವ ಇದನ್ನ ಅರ್ಧಾ ಕಲತು ಬಂದಿದ್ಲು. ಈ ಹುಡುಗಿ ಒಂದಾ ಮಾತಿನಾಗ ತಿಳಿಸಿಬಿಟ್ಲು. ಹೋಗಲಿ. ಪೂರಾ ಕಲತು ಬರಲಿ."

"ಅಮ್ಮಾ, ನೌಕರಿ..."

"ನೀ ಬಿ.ಕಾಂ. ಓದಿ ಎಲ್ಲಿ ಕಲೆಕ್ಟರ್ ಆದಿ? ನಿಮ್ಮಪ್ಪನ ಮಿಲ್ಲಿನಾಗ ಕುಂತಿ."

ಆ ಮಾತಿಗೆ ನಾನು ನನ್ನ ನಗುವನ್ನು ತುಟಿಯಲ್ಲೇ ಹಿಡಿದೆ. "ಊ" ಎನ್ನುವ ಆಕಾರಕ್ಕೆ ತುಟಿ ಬಂದದ್ದು ಅಂದು ಪಕ್ಕಾ ಫ್ರೆಂಚರ ಹಾಗಿತ್ತು.

ಶ್ರಾವಣಿ ಹೈದರಾಬಾದಿಗೆ ಹೊರಡುವಾಗ ಕನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಡಲು ಹೋದೆ. ಅಪ್ಪುಗೆ, ಕಣ್ಣೀರು ಎಲ್ಲದಕ್ಕೂ ತಯಾರಾಗಿಯೇ ಹೋಗಿದ್ದೆ. "ಇದ್ಯಾಕ ಅಜ್ಜಿ? ಫೋನಿನಾಗ ಸೆಲ್ಫಿ ಕ್ಯಾಮೆರಾ ಐತಲ್ಲ" ಎಂದು ಬಸ್ ಹತ್ತಿದಳು. ಕನ್ನಡಿ ಮತ್ತೆ ಸೇಫ್ಟಿ ಪಿನ್ನುಗಳ ಡಬ್ಬಿಗೇ ಬಂತು.

ಕಳೆದ ವಾರ ನಾನು ಲಿಂಗಸುಗೂರಿನಲ್ಲಿದ್ದೆ. ಮಧ್ಯಾಹ್ನ ಅತ್ತೆಯ ಮಂಚದ ಮೇಲೆ ಕುಳಿತು ಇಬ್ಬರೂ ಬಿಸಿಲು ನೋಡುತ್ತಿದ್ದಾಗ ಶ್ರಾವಣಿಯ ವಿಡಿಯೋ ಕಾಲ್ ಬಂತು. ಬಾಯಿಗೆ ಬಂದದ್ದು ಬಂದುಬಿಟ್ಟಿತು. "ಬೋಂಜೂರ್" ಎಂದೆ. ಎಮ್ಮೆಗೆ ಹೇಳುತ್ತಿದ್ದ ಹಾಗೆಯೇ, ಉತ್ತರಕ್ಕೆ ಕಾಯದೆ.

"ಬೋಂಜೂರ್, ಗ್ರಾಂ-ಮೇರ್! ಸಾ ವಾ?" ಎಂದಿತು ಫೋನು. ಹೇಗಿದ್ದೀಯಾ ಅಜ್ಜಿ ಎಂದು.

ಇಷ್ಟು ವರ್ಷಗಳಲ್ಲಿ ನನ್ನ ಫ್ರೆಂಚಿಗೆ ಬಂದ ಮೊದಲ ಉತ್ತರ. ಆಕೆಯ "ರ" ಕಿರುನಾಲಿಗೆಯಿಂದಲೇ ಬಂದಿತ್ತು. ಮುಂದಿನ ವಾಕ್ಯ ನನಗೆ ಗೊತ್ತಿತ್ತು. ಅದನ್ನು ಹೇಳುವ ಬದಲು ಕನ್ನಡಕ ತೆಗೆದು ಒರೆಸತೊಡಗಿದೆ. ನನ್ನ ಅವಸ್ಥೆ ನೋಡಿ ಹುಡುಗಿ ನಗಿಸಲೆಂದು, "ನೋಡಜ್ಜಿ, ಆ ಈ-ಊ ಸ್ವರ ನನಗ ಬಂತು" ಎಂದು ಕ್ಯಾಮೆರಾದ ಹತ್ತಿರ ಬಂದು, ಬಾಯಿ ತೆರೆದು, ಸ್ಕ್ರೀನ್ ತುಂಬ ನಾಲಿಗೆ ಚಾಚಿ ತೋರಿಸಿದಳು.

ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದು ತಮ್ಮ ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡರು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಬೆಳ್ಳಗಾಗೇತಿ" ಎಂದರು. "ಗಿರಿಜಾ, ಔಡಲೆಣ್ಣಿ ಕಳಸು."